25 ವರ್ಷದ ಸಿಂಗಲ್ ಮಾಲ್ಟ್: ಗ್ಲಾಸಿನಲ್ಲಿ ಏನಿದೆ, ಅದನ್ನು ಹೇಗೆ ಹುಡುಕಬೇಕು

ಗೆಳೆಯನೊಬ್ಬ ಸ್ಕಾಟ್ಲೆಂಡಿನಿಂದ ಬರುವಾಗ ಗ್ಲೆನ್‌ಫಾರ್ಕ್ಲಾಸ್ 25 ತಂದಿದ್ದ. ಇಪ್ಪತ್ತೈದು ವರ್ಷ ಪೀಪಾಯಿಯಲ್ಲಿ ಮಲಗಿದ್ದ ಸಿಂಗಲ್ ಮಾಲ್ಟ್ ವಿಸ್ಕಿ. ಅವತ್ತು ರಾತ್ರಿ ಆರು ಜನ ಸೇರಿದ್ದೆವು. ಐಸ್ ಬಂತು, ಸೋಡಾ ಬಂತು, ಖಾರ ಹಾಕಿ ಹುರಿದ ಕಡಲೆಬೀಜ ಬಂತು. ಎಲ್ಲರೂ ಕುಡಿದೆವು. 'ಸ್ಮೂತ್ ಆಗಿದೆ' ಅಂದೆವು. ಅದಕ್ಕಿಂತ ಜಾಸ್ತಿ ಹೇಳಲು ಯಾರಿಗೂ ಏನೂ ಸಿಗಲಿಲ್ಲ.

ಮರುದಿನ ಸಂಜೆ ಉಳಿದದ್ದರಲ್ಲಿ ಒಂದಿಷ್ಟನ್ನು ನಾವಿಬ್ಬರೇ ಕೂತು ಕುಡಿದೆವು. ಏನೂ ಬೆರೆಸಲಿಲ್ಲ. ತಲಾ 30 ಎಂ.ಎಲ್. ಮುಗಿಸಲು ಒಂದು ಗಂಟೆ ಹಿಡಿಯಿತು. ಅದೇ ಬಾಟಲಿಯೊಳಗಿಂದ ಒಣದ್ರಾಕ್ಷಿ ಬಂತು, ಕಿತ್ತಳೆ ಸಿಪ್ಪೆ ಬಂತು, ಅಕ್ರೂಟು ಬಂತು. ಕೊನೆಗೆ ಅಜ್ಜಿಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುತ್ತಿದ್ದಂಥ ವಾಸನೆಯೂ ಬಂತು. ನಾವಿಬ್ಬರೂ ಮಾತು ನಿಲ್ಲಿಸಿಬಿಟ್ಟೆವು.

ಆ ಎರಡು ಸಂಜೆಗಳ ನಡುವೆ ಬಾಟಲಿ ಬದಲಾಗಿರಲಿಲ್ಲ. ಹಾಗಾದರೆ ಮೊದಲ ರಾತ್ರಿ ಅಷ್ಟೆಲ್ಲ ಎಲ್ಲಿ ಅಡಗಿತ್ತು? ಇದಕ್ಕೆ ಉತ್ತರ ಬೇಕಾದರೆ ಆ 25 ವರ್ಷಗಳಲ್ಲಿ ಪೀಪಾಯಿಯೊಳಗೆ ಏನಾಗುತ್ತದೆ ಅಂತ ಮೊದಲು ತಿಳಿಯಬೇಕು.

ರಾಗಿ ಮಾಲ್ಟ್‌ನಿಂದ ಶುರು ಮಾಡೋಣ

'ಮಾಲ್ಟ್' ನಮಗೆ ಹೊಸ ಪದವಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ರಾಗಿ ಮಾಲ್ಟ್. ಸ್ಕಾಟ್ಲೆಂಡಿನಲ್ಲಿ ಹೀಗೆಯೇ ಬಾರ್ಲಿಗೆ ಮೊಳಕೆ ಬರಿಸುತ್ತಾರೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಪಿಷ್ಟವನ್ನು ಸಕ್ಕರೆ ಮಾಡುವುದು ಅವುಗಳ ಕೆಲಸ. ಆ ಬಾರ್ಲಿಯನ್ನು ಒಣಗಿಸಿ, ತರಿಯಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, ಸಿಹಿನೀರು ಬಸಿದುಕೊಳ್ಳುತ್ತಾರೆ. ಅದಕ್ಕೆ ಯೀಸ್ಟ್ ಹಾಕಿದರೆ ಎರಡು ಮೂರು ದಿನದಲ್ಲಿ ಬಿಯರಿನಂಥ ದ್ರವ ಸಿಗುತ್ತದೆ. ಅದನ್ನು ತಾಮ್ರದ ದೊಡ್ಡ ಹಂಡೆಗಳಲ್ಲಿ, ಸಾಮಾನ್ಯವಾಗಿ ಎರಡು ಸಲ, ಬಟ್ಟಿ ಇಳಿಸುತ್ತಾರೆ.

'ಸಿಂಗಲ್' ಅಂದರೆ ಒಂದೇ ಬಟ್ಟಿಮನೆಯದ್ದು ಅಂತ ಅರ್ಥ. ಒಂದೇ ಪೀಪಾಯಿಯದ್ದು ಅಂತ ಅಲ್ಲ. ಆ ಬಟ್ಟಿಮನೆಯ ಹತ್ತಾರು ಪೀಪಾಯಿಗಳನ್ನು ಬೆರೆಸಿದರೂ ಅದು ಸಿಂಗಲ್ ಮಾಲ್ಟೇ. ಬೇರೆ ಬೇರೆ ಬಟ್ಟಿಮನೆಗಳ ಮಾಲ್ಟ್ ವಿಸ್ಕಿಗೆ ಇತರ ಧಾನ್ಯದ ವಿಸ್ಕಿ ಸೇರಿಸಿದರೆ ಅದು ಬ್ಲೆಂಡ್.

ಬಟ್ಟಿ ಇಳಿಸಿದಾಗ ಬರುವುದು ನೀರಿನಷ್ಟು ತಿಳಿಯಾದ, ಸುಡುವಷ್ಟು ಖಾರದ ದ್ರವ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ 'ನ್ಯೂ ಮೇಕ್' ಅನ್ನುತ್ತಾರೆ. ಇದನ್ನು ವಿಸ್ಕಿ ಅಂತ ಕರೆಯಲು ಕಾನೂನು ಬಿಡುವುದಿಲ್ಲ. 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದ ಮೇಲೆಯೇ, ಕಡಿಮೆಯೆಂದರೆ ಮೂರು ವರ್ಷ ಇರಬೇಕು. ಬಾಟಲಿಗೆ ಬರುವಾಗ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರದು. ಈ ಶೇ. 40ರ ಗೆರೆಯನ್ನು ನೆನಪಿಟ್ಟುಕೊಳ್ಳಿ. ಹಳೆಯ ವಿಸ್ಕಿಗೆ ಅದು ಜೀವನ್ಮರಣದ ಗೆರೆ.

ಗ್ಲೆನ್‌ಫಾರ್ಕ್ಲಾಸ್ ಇರುವುದು ಸ್ಪೇಸೈಡ್ ಪ್ರದೇಶದಲ್ಲಿ, ಬೆನ್ ರಿನ್ನೆಸ್ ಬೆಟ್ಟದ ಬುಡದಲ್ಲಿ. 1836ರಲ್ಲಿ ಪರವಾನಗಿ ಪಡೆದ ಜಾಗ. 1865ರಲ್ಲಿ ಜಾನ್ ಗ್ರಾಂಟ್ ಎಂಬುವರು ಕೊಂಡರು. ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ. ಬಹುತೇಕ ಬಟ್ಟಿಮನೆಗಳು ಹಂಡೆಗಳನ್ನು ಹಬೆಯಿಂದ ಕಾಯಿಸುತ್ತವೆ. ಇವರು ಈಗಲೂ ಅಡಿಯಲ್ಲಿ ನೇರ ಬೆಂಕಿ ಹಾಕುತ್ತಾರೆ. 1981ರಲ್ಲಿ ಹಬೆಯನ್ನೂ ಹಚ್ಚಿ ನೋಡಿದರು. ಇಳಿದ ಸರಕಿನ ಗುಣವೇ ಬೇರೆಯಾಯಿತು ಅಂತ ಮತ್ತೆ ಬೆಂಕಿಗೇ ಮರಳಿದರು. ಸೌದೆ ಒಲೆಯ ಸಾರಿಗೂ ಗ್ಯಾಸಿನ ಸಾರಿಗೂ ವ್ಯತ್ಯಾಸ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಹೀಗೆ ಬೆಂಕಿಯ ಮೇಲೆ ಇಳಿದದ್ದು ಸ್ವಲ್ಪ ದಪ್ಪ, ಸ್ವಲ್ಪ ಗಟ್ಟಿ. ಅದಕ್ಕೇ ಅದು ಪೀಪಾಯಿಯಲ್ಲಿ ದೀರ್ಘ ಕಾಲ ಬಾಳುತ್ತದೆ.

ಪೀಪಾಯಿ ಮಾಡುವ ಕೆಲಸ

ಮರ ವಿಸ್ಕಿಗೆ ಪರಿಮಳ ಕೊಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಮೊದಲು ಮಾಡುವುದು ಕಿತ್ತುಕೊಳ್ಳುವ ಕೆಲಸ. ಬೂರ್ಬನ್ ವಿಸ್ಕಿಗೆ ಬಳಸಿದ ಅಮೆರಿಕದ ಪೀಪಾಯಿಗಳ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಆ ಇದ್ದಿಲ ಪದರ ಹೊಸ ಸರಕಿನಲ್ಲಿರುವ ಗಂಧಕದ ವಾಸನೆಗಳನ್ನು ಹೀರುತ್ತದೆ. ಬೇಯಿಸಿದ ಎಲೆಕೋಸಿನಂಥ, ಕಡ್ಡಿ ಗೀರಿದಂಥ ವಾಸನೆ ಮೊದಲ ವರ್ಷಗಳಲ್ಲೇ ಕಡಿಮೆಯಾಗುತ್ತದೆ.

ಜೊತೆಗೆ ಮರ ತನ್ನದನ್ನೂ ಕೊಡುತ್ತಾ ಹೋಗುತ್ತದೆ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲಿನ್ ಬರುತ್ತದೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳೆದ ವೆನಿಲಾ ಕೋಡಿನಲ್ಲಿರುವುದೂ ಇದೇ ವೆನಿಲಿನ್. ಓಕ್ ಲ್ಯಾಕ್ಟೋನ್ ಅನ್ನುವ ವಸ್ತು ಕೊಬ್ಬರಿಯ ಪರಿಮಳ ಕೊಡುತ್ತದೆ. ಯೂಜಿನಾಲ್ ಲವಂಗದ ಪರಿಮಳ ಕೊಡುತ್ತದೆ. ಲವಂಗದಲ್ಲಿರುವ ಮುಖ್ಯ ಎಣ್ಣೆಯೂ ಯೂಜಿನಾಲೇ. ಇದರ ಜೊತೆ ಟ್ಯಾನಿನ್ ಇಳಿಯುತ್ತದೆ. ಎಳೆ ಅಡಿಕೆ ಅಗಿದಾಗ ಬಾಯಿ ಬಿಗಿಯುವಂತೆ ಮಾಡುವ ಒಗರು ಅದು.

ಮೂರನೆಯದು ನಿಧಾನದ ಕೆಲಸ. ಮರದ ರಂಧ್ರಗಳ ಮೂಲಕ ಗಾಳಿ ಒಳಗೆ ಬರುತ್ತದೆ. ಆಲ್ಕೋಹಾಲು, ಆಮ್ಲ, ಆಮ್ಲಜನಕ ಸೇರಿ ಹೊಸ ಹೊಸ ಎಸ್ಟರ್‌ಗಳು ಹುಟ್ಟುತ್ತವೆ. ಹಣ್ಣುಗಳಿಗೆ ಪರಿಮಳ ಕೊಡುವುದೂ ಎಸ್ಟರ್‌ಗಳೇ. ಬಾಳೆಹಣ್ಣಿನಲ್ಲೂ ಹಲಸಿನ ತೊಳೆಯಲ್ಲೂ ಇರುವ ಎಸ್ಟರ್ ವಿಸ್ಕಿಯಲ್ಲೂ ಇರುತ್ತದೆ. ಎಳೆ ವಿಸ್ಕಿಯಲ್ಲಿ ಈ ಹಣ್ಣು ಹಸಿ ಸೇಬಿನಂತೆ, ಪಿಯರ್ ಹಣ್ಣಿನಂತೆ ಇರುತ್ತದೆ. ದಶಕಗಳು ಕಳೆದ ಕೆಲವು ಪೀಪಾಯಿಗಳಲ್ಲಿ ಅದು ಮಾಗಿದ ಮಾವು, ಸೀಬೆಯ ಕಡೆ ತಿರುಗುತ್ತದೆ. ಐಲಾ ದ್ವೀಪದ ಬೊಮೋರ್ ಬಟ್ಟಿಮನೆಯ 1960ರ ದಶಕದ ವಿಸ್ಕಿಗಳು ಈ ಮಾವಿನ ಪರಿಮಳಕ್ಕೇ ಹೆಸರಾದವು. ಸ್ಕಾಟ್ಲೆಂಡಿನ ಚಳಿಯ ದ್ವೀಪದಲ್ಲಿ, ಮಾವಿನ ಮರವೇ ಇಲ್ಲದ ಕಡೆ, ಬಾರ್ಲಿಯಿಂದ ಮಾವಿನ ಪರಿಮಳ! ನನಗೆ ಇದು ಇವತ್ತಿಗೂ ಬೆರಗು.

ಇನ್ನೊಂದು ಮಾತು. ಪೀಪಾಯಿಯಲ್ಲಿ ಮೊದಲು ಏನಿತ್ತು ಅನ್ನುವುದೂ ಮುಖ್ಯ. ಅಮೆರಿಕದಲ್ಲಿ ಬೂರ್ಬನ್‌ಗೆ ಪ್ರತಿ ಸಲವೂ ಹೊಸ ಓಕ್ ಪೀಪಾಯಿಯೇ ಬೇಕು ಅಂತ ನಿಯಮವಿದೆ. ಹಾಗಾಗಿ ಒಮ್ಮೆ ಬಳಸಿದ ಲಕ್ಷಾಂತರ ಪೀಪಾಯಿಗಳು ಸ್ಕಾಟ್ಲೆಂಡಿಗೆ ಬರುತ್ತವೆ. ಅವು ವೆನಿಲಾ, ಕೊಬ್ಬರಿ ಕೊಡುತ್ತವೆ. ಸ್ಪೇನ್‌ನ ಶೆರಿ ವೈನ್ ಇದ್ದ ಪೀಪಾಯಿಗಳು ಒಣದ್ರಾಕ್ಷಿ, ಖರ್ಜೂರ, ಅಕ್ರೂಟು ಕೊಡುತ್ತವೆ. ಗ್ಲೆನ್‌ಫಾರ್ಕ್ಲಾಸ್ ಹೆಸರಾಗಿರುವುದು ಶೆರಿ ಪೀಪಾಯಿಗೆ.

ಗಾಳಿಗೆ ಹೋಗುವ ಪಾಲು

ಗಾಳಿ ಒಳಗೆ ಬರುತ್ತದೆ ಅಂದರೆ ವಿಸ್ಕಿ ಹೊರಗೆ ಹೋಗುತ್ತದೆ ಅಂತಲೂ ಅರ್ಥ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ. ಅದನ್ನು ಅವರು ದೇವತೆಗಳ ಪಾಲು ಅನ್ನುತ್ತಾರೆ. ಶೇ. 2 ಅಂದರೆ ಚಿಲ್ಲರೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 250 ಲೀಟರಿನ ಪೀಪಾಯಿಯಲ್ಲಿ 25 ವರ್ಷಕ್ಕೆ ಉಳಿಯುವುದು ಸುಮಾರು 150 ಲೀಟರ್. 50 ವರ್ಷಕ್ಕೆ 90 ಲೀಟರಿನ ಆಸುಪಾಸು.

ಪ್ರಮಾಣದ ಜೊತೆ ಶಕ್ತಿಯೂ ಇಳಿಯುತ್ತದೆ. ಸ್ಕಾಟ್ಲೆಂಡಿನ ಗಾಳಿ ತಂಪು, ತೇವ ಜಾಸ್ತಿ. ಅಂಥ ಕಡೆ ನೀರಿಗಿಂತ ಆಲ್ಕೋಹಾಲು ಬೇಗ ಹೋಗುತ್ತದೆ. ಸಾಮಾನ್ಯವಾಗಿ ಶೇ. 63.5ಕ್ಕೆ ತುಂಬಿದ ಸರಕು ವರ್ಷ ವರ್ಷ ಇಳಿಯುತ್ತಾ ಬಂದು ಶೇ. 40ರ ಗೆರೆ ದಾಟಿದರೆ ಅದನ್ನು ಸ್ಕಾಚ್ ಅಂತ ಮಾರುವ ಹಾಗಿಲ್ಲ. ಐವತ್ತು ವರ್ಷ ಕಾಯ್ದ ಪೀಪಾಯಿ ಕೊನೆಯಲ್ಲಿ ಕೈಕೊಡಬಹುದು. ಅದಕ್ಕೇ ಹಳೆಯ ಪೀಪಾಯಿಗಳನ್ನು ಆಗಾಗ ತೆಗೆದು, ಮೂಸಿ, ಅಳೆದು ನೋಡುತ್ತಿರುತ್ತಾರೆ. ಹಾಲು ಉಕ್ಕುವ ಮುಂಚೆ ಇಳಿಸಬೇಕಲ್ಲ, ಹಾಗೆ.

ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಅನ್ನುವುದು ಎಲ್ಗಿನ್ ಊರಿನ ಹಳೆಯ ಮನೆತನದ ಕಂಪನಿ. ಅವರು 1940ರ ಫೆಬ್ರವರಿ 3ರಂದು ಗ್ಲೆನ್‌ಲಿವೆಟ್ ಬಟ್ಟಿಮನೆಯಲ್ಲಿ ಒಂದು ಪೀಪಾಯಿ ತುಂಬಿಸಿದರು. ಆಗ ಎರಡನೇ ಮಹಾಯುದ್ಧ ಶುರುವಾಗಿ ಕೆಲವೇ ತಿಂಗಳಾಗಿತ್ತು. ಬಾಟಲಿಗೆ ಹಾಕಿದ್ದು 2020ರಲ್ಲಿ. ಎಂಬತ್ತು ವರ್ಷದ ನಂತರವೂ ಅದರಲ್ಲಿ ಶೇ. 44.9 ಆಲ್ಕೋಹಾಲು ಉಳಿದಿತ್ತು. ಸಿಕ್ಕಿದ್ದು 250 ಬಾಟಲಿ. ತುಂಬಿದವರಿಗೆ ಅದನ್ನು ತಾವು ಕುಡಿಯುವುದಿಲ್ಲ ಅಂತ ಗೊತ್ತಿತ್ತು. ತೆಂಗಿನ ಸಸಿ ನೆಡುವ ಅಜ್ಜನ ಲೆಕ್ಕಾಚಾರ ಇದು.

ಹಾಗಂತ ಬೆಲೆಯೆಲ್ಲ ಕಾಯುವಿಕೆಯದ್ದೇ ಅಲ್ಲ. 1926ರಲ್ಲಿ ಬಟ್ಟಿ ಇಳಿಸಿ, 60 ವರ್ಷ ಇಟ್ಟು, 1986ರಲ್ಲಿ ಬಾಟಲಿಗೆ ಹಾಕಿದ ಮೆಕ್ಯಾಲನ್ ವಿಸ್ಕಿ ಒಟ್ಟು 40 ಬಾಟಲಿ ಮಾತ್ರ. ಅದರಲ್ಲೊಂದು 2023ರ ನವೆಂಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 21 ಲಕ್ಷ ಪೌಂಡ್ ಮೀರಿ ಮಾರಾಟವಾಯಿತು. ಅಷ್ಟು ದುಡ್ಡಿನ ರುಚಿ ಯಾವ ದ್ರವದಲ್ಲೂ ಇರುವುದಿಲ್ಲ. ಅದು ಅಪರೂಪದ ಬೆಲೆ, ಸಂಗ್ರಹಕಾರರ ಪೈಪೋಟಿಯ ಬೆಲೆ. ಮುಚ್ಚಿಹೋದ ಬಟ್ಟಿಮನೆಗಳ ಕಥೆಯೂ ಇಂಥದ್ದೇ. 1980ರ ದಶಕದ ಆರಂಭದಲ್ಲಿ ಸರಕು ಜಾಸ್ತಿಯಾಗಿ, ಕೊಳ್ಳುವವರು ಕಡಿಮೆಯಾಗಿ, 1983ರಲ್ಲಿ ಪೋರ್ಟ್ ಎಲೆನ್, ಬ್ರೋರಾ ಥರದ ಹಲವು ಬಟ್ಟಿಮನೆಗಳು ಬಾಗಿಲು ಹಾಕಿದವು. ಯಾರಿಗೂ ಬೇಡವಾಗಿದ್ದ ಅವುಗಳ ಪೀಪಾಯಿಗಳೇ ನಂತರ ಚಿನ್ನದ ಬೆಲೆಗೆ ಹೋದವು. ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಶುರುವಾಗಿವೆ.

ನನ್ನ ಅನುಭವದಲ್ಲಿ ದುಡ್ಡಿಗೆ ತಕ್ಕ ರುಚಿ ಸಿಗುವುದು 18ರಿಂದ 25 ವರ್ಷದ ನಡುವೆ. ಮೂವತ್ತು ದಾಟಿದ ಮೇಲೆ ಬೆಲೆ ಏರುವ ವೇಗದಲ್ಲಿ ರುಚಿ ಏರುವುದಿಲ್ಲ.

ಬೆಂಗಳೂರಿನ ದೇವತೆಗಳು

ವಯಸ್ಸಿನ ಸಂಖ್ಯೆಯನ್ನು ಹೇಗೆ ಓದಬೇಕು ಅಂತ ಕಲಿಸುವುದಕ್ಕೆ ನಮ್ಮ ಮೈಸೂರು ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ಕಂಬೀಪುರದಲ್ಲಿರುವ ಅಮೃತ್ ಬಟ್ಟಿಮನೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10ಕ್ಕೂ ಜಾಸ್ತಿ ಆವಿಯಾಗುತ್ತದೆ. ಶೇ. 10 ಅಂತಲೇ ಹಿಡಿದರೂ, 250 ಲೀಟರಿನಲ್ಲಿ 25 ವರ್ಷಕ್ಕೆ ಉಳಿಯುವುದು 18 ಲೀಟರ್. ಅಂದರೆ ಇಲ್ಲಿ 25 ವರ್ಷದ ವಿಸ್ಕಿ ಮಾಡುವುದೇ ಹೆಚ್ಚುಕಡಿಮೆ ಅಸಾಧ್ಯ. ಅಮೃತ್ 2013ರಲ್ಲಿ ಎಂಟು ವರ್ಷದ ವಿಸ್ಕಿ ಹೊರತಂದಾಗ ಅದಕ್ಕೆ 'ಗ್ರೀಡಿ ಏಂಜಲ್ಸ್' ಅಂತ ಹೆಸರಿಟ್ಟಿತು. ದುರಾಸೆಯ ದೇವತೆಗಳು!

ಆದರೆ ಅದೇ ಬಿಸಿಲು ಮರದಿಂದ ಪರಿಮಳವನ್ನೂ ಬೇಗ ಎಳೆಯುತ್ತದೆ. ಹಾಗಾಗಿ ಬೆಂಗಳೂರಿನ ಐದು ವರ್ಷವನ್ನು ಸ್ಪೇಸೈಡಿನ ಐದು ವರ್ಷದ ಜೊತೆ ತೂಗಬಾರದು. ಲೇಬಲ್ಲಿನ ಸಂಖ್ಯೆಗೆ ಅರ್ಥ ಬರುವುದು ಆ ಊರಿನ ಹವೆಯ ಜೊತೆ ಸೇರಿಸಿ ಓದಿದಾಗ ಮಾತ್ರ.

ಲೇಬಲ್ಲಿನ ಬಗ್ಗೆ ಇನ್ನೆರಡು ವಿಷಯ. '25' ಅಂತ ಬರೆದಿದ್ದರೆ ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಗೆ 25 ವರ್ಷ. ಉಳಿದದ್ದು ಇನ್ನೂ ಹಳೆಯದಿರಬಹುದು. ಮತ್ತು ಬಾಟಲಿಗೆ ಬಿದ್ದ ದಿನವೇ ವಯಸ್ಸು ನಿಲ್ಲುತ್ತದೆ. ಹನ್ನೆರಡು ವರ್ಷದ ವಿಸ್ಕಿಯನ್ನು ಬೀರುವಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ಅದು ಹನ್ನೆರಡರದ್ದೇ. ಮಗಳ ಮದುವೆಗೆ ಅಂತ ಎತ್ತಿಡುವವರು ದಯವಿಟ್ಟು ಇದನ್ನು ಗಮನಿಸಿ. ಇಡುವುದೇ ಆದರೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ವೈನ್ ಬಾಟಲಿಯಂತೆ ಮಲಗಿಸಿದರೆ ಆಲ್ಕೋಹಾಲು ಬಿರಡೆಯನ್ನು ಹಾಳು ಮಾಡುತ್ತದೆ. ತೆರೆದ ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ತಿಂಗಳುಗಟ್ಟಲೆ ಬಿಡಬೇಡಿ. ಒಳಗಿನ ಗಾಳಿ ಪರಿಮಳವನ್ನು ಮಂಕು ಮಾಡುತ್ತದೆ.

ಈಗ ಗ್ಲಾಸಿಗೆ ಬರೋಣ

ಮೊದಲ ರಾತ್ರಿ ನಾವು ಮಾಡಿದ ತಪ್ಪುಗಳನ್ನೇ ಹಿಡಿದು ನೋಡೋಣ.

ಐಸ್. ಪರಿಮಳ ಅಂದರೆ ಆವಿಯಾಗಿ ಮೂಗಿಗೆ ಬರುವ ಕಣಗಳು. ತಣ್ಣಗಾದಷ್ಟೂ ಅವು ಏಳುವುದಿಲ್ಲ. ತಣ್ಣಗಿನ ಸಾರಿಗೆ ಘಮ ಇದೆಯಾ? ಇಪ್ಪತ್ತೈದು ವರ್ಷದಲ್ಲಿ ಕೂಡಿಟ್ಟದ್ದನ್ನೆಲ್ಲ ಐಸ್ ಮತ್ತೆ ಬೀಗ ಹಾಕಿ ಇಡುತ್ತದೆ. ಸೋಡಾ ತನ್ನ ಚುರುಕಿನಿಂದ ನಾಲಿಗೆಯನ್ನು ಬೇರೆ ಕಡೆ ಎಳೆಯುತ್ತದೆ. ದಿನನಿತ್ಯದ ಬ್ಲೆಂಡ್ ವಿಸ್ಕಿಗೆ ಸೋಡಾ ಚೆನ್ನಾಗಿಯೇ ಹೊಂದುತ್ತದೆ, ಅದರಲ್ಲಿ ತಪ್ಪೇನಿಲ್ಲ. ಇದಕ್ಕೆ ಬೇಡ.

ಖಾರದ ಕಡಲೆಬೀಜ. ಇದರ ಹಿಂದೆ ಒಳ್ಳೆಯ ವಿಜ್ಞಾನವಿದೆ. ಮೆಣಸಿನಕಾಯಿಯ ಖಾರ ಗುರುತಿಸುವ ನರಗಳೇ ಬಿಸಿಯನ್ನೂ ಗುರುತಿಸುತ್ತವೆ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅವು 'ಸುಡುತ್ತಿದೆ' ಅಂತ ಕೂಗುತ್ತವೆ. ಆಲ್ಕೋಹಾಲು ತಾಗಿದರೆ ಆ ಮಿತಿ 34 ಡಿಗ್ರಿಯ ಹತ್ತಿರ ಇಳಿಯುತ್ತದೆ. ನಮ್ಮ ಬಾಯಿಯೇ ಅದಕ್ಕಿಂತ ಬಿಸಿ. ಅದಕ್ಕೇ ವಿಸ್ಕಿ ಉರಿಯುತ್ತದೆ. ಮೊದಲೇ ಖಾರ ತಿಂದಿದ್ದರೆ ಉರಿ ಎರಡರಷ್ಟು ಅನ್ನಿಸುತ್ತದೆ, ಬೇರೇನೂ ಗೊತ್ತಾಗುವುದಿಲ್ಲ. ಹೊಟ್ಟೆ ಖಾಲಿ ಇರುವುದೂ ಬೇಡ. ಒಂದು ಗಂಟೆ ಮುಂಚೆ ಸಪ್ಪೆಯಾದದ್ದೇನಾದರೂ ತಿಂದು, ನೀರು ಕುಡಿದು ಕೂರಿ. ರೂಮಿನಲ್ಲಿ ಊದುಬತ್ತಿ ಹಚ್ಚಬೇಡಿ. ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದಿದ್ದರೆ ಅರ್ಧ ಗಂಟೆ ಕಾಯಿರಿ.

ಗ್ಲಾಸ್ ಕೆಳಗೆ ಅಗಲ, ಮೇಲೆ ಕಿರಿದಾಗಿರಬೇಕು. ಪರಿಮಳ ಒಳಗೇ ಸೇರಿ ಮೂಗಿಗೆ ಬರುವುದಕ್ಕೆ. ಸ್ಕಾಟ್ಲೆಂಡಿನಲ್ಲಿ 2001ರಿಂದ ಚಾಲ್ತಿಗೆ ಬಂದ ಗ್ಲೆನ್‌ಕೇರ್ನ್ ಗ್ಲಾಸ್ ಇದಕ್ಕಾಗಿಯೇ ಮಾಡಿದ್ದು. ಸಿಗದಿದ್ದರೆ ಚಿಕ್ಕ ವೈನ್ ಗ್ಲಾಸ್ ಸಾಕು. ಅಗಲ ಬಾಯಿಯ ವಿಸ್ಕಿ ಗ್ಲಾಸ್ ಮಾತ್ರ ಬೇಡ.

30 ಎಂ.ಎಲ್. ಸುರಿಯಿರಿ. ಸುರಿದ ಕೂಡಲೇ ಕುಡಿಯಬೇಡಿ. ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ನಿಮಿಷ ಬಿಡಬೇಕು ಅಂತ ರೂಢಿಯ ಮಾತೊಂದಿದೆ. ಗಡಿಯಾರ ಹಿಡಿದು ಕೂರಬೇಕಿಲ್ಲ. ಆದರೆ ಹಳೆಯ ವಿಸ್ಕಿಗೆ ಹದಿನೈದು ಇಪ್ಪತ್ತು ನಿಮಿಷ ಬೇಕೇ ಬೇಕು. ಮೊದಲು ಏಳುವ ಆಲ್ಕೋಹಾಲಿನ ಘಾಟು ಹೋಗಿ ಒಳಗಿನದ್ದು ಮೇಲೆ ಬರುತ್ತದೆ.

ಈ ಹೊತ್ತಿನಲ್ಲಿ ಬಣ್ಣ ನೋಡಿ. ಆದರೆ ಅದರಿಂದ ವಯಸ್ಸು ಅಳೆಯಲು ಹೋಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಹೊಸ ಶೆರಿ ಪೀಪಾಯಿಯಲ್ಲಿ ಹತ್ತು ವರ್ಷಕ್ಕೇ ಕಡು ಕೆಂಪು ಬರಬಹುದು. ಹಲವು ಸಲ ಬಳಸಿದ ಪೀಪಾಯಿಯಲ್ಲಿ ಮೂವತ್ತು ವರ್ಷ ಇದ್ದದ್ದು ತಿಳಿ ಬಂಗಾರದ ಬಣ್ಣದಲ್ಲೇ ಉಳಿಯಬಹುದು.

ಆಮೇಲೆ ಮೂಗು. ನಿಜವಾದ ಕೆಲಸ ಇಲ್ಲಿದೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೆಟೊದಲ್ಲಿ ಸಿಗುವಂಥ ರುಚಿ) ಅಷ್ಟೇ. ಉಳಿದ ರುಚಿಯೆಲ್ಲ ವಾಸನೆ. ನೆಗಡಿ ಬಂದಾಗ ಊಟ ಸಪ್ಪೆಯಾಗುವುದು ಇದಕ್ಕೇ. ಗ್ಲಾಸಿನೊಳಗೆ ಮೂಗು ತೂರಿಸಬೇಡಿ. ಗಲ್ಲದ ಹತ್ತಿರದಿಂದ ನಿಧಾನಕ್ಕೆ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ, ಆಗ ಘಾಟು ಹೊಡೆಯುವುದಿಲ್ಲ. ಜೋರಾಗಿ ಎಳೆಯದೆ, ಸುಮ್ನೆ ಉಸಿರಾಡಿ. ತೆಗೆದು, ಸ್ವಲ್ಪ ಬಿಟ್ಟು, ಮತ್ತೆ ಮೂಸಿ. ಐದು ನಿಮಿಷದ ಹಿಂದೆ ಇದ್ದದ್ದು ಈಗ ಇರುವುದಿಲ್ಲ, ಹೊಸದೇನೋ ಬಂದಿರುತ್ತದೆ. ಹಳೆಯ ವಿಸ್ಕಿಯ ಗುಣವೇ ಇದು. ಎಳೆಯದು ತನ್ನದೆಲ್ಲವನ್ನೂ ಒಂದೇ ಸಲ ಹೇಳಿಬಿಡುತ್ತದೆ.

ನಂತರ ಚಿಕ್ಕ ಗುಟುಕು. ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ. ಅದು ಬಾಯಿಯನ್ನು ಒಗ್ಗಿಸಲಿಕ್ಕೆ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಸೆಕೆಂಡಾದರೂ ಹೊರಳಾಡಿಸಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಪರಿಮಳ ಮೂಗಿಗೆ ಏರುತ್ತದೆ. ಗ್ಲೆನ್‌ಫಾರ್ಕ್ಲಾಸ್ 25ರಲ್ಲಿ ನನಗೆ ಅಕ್ರೂಟು, ಕಡು ಚಾಕೊಲೇಟಿನ ಕಹಿ ಸಿಕ್ಕಿದ್ದು ಗ್ಲಾಸಿನಿಂದ ಅಲ್ಲ, ಈ ಉಸಿರಿನಿಂದ. ಆಮೇಲೆ ಗಮನಿಸಿ, ಅದು ಎಷ್ಟು ಹೊತ್ತು ಉಳಿಯುತ್ತದೆ ಅಂತ. ಒಳ್ಳೆಯ ಹಳೆಯ ವಿಸ್ಕಿ ಒಳ್ಳೆಯ ಫಿಲ್ಟರ್ ಕಾಫಿಯಂತೆ, ಲೋಟ ಕೆಳಗಿಟ್ಟ ಮೇಲೂ ಬಾಯಲ್ಲಿ ಇರುತ್ತದೆ.

ನೀರು ಹಾಕಬಹುದಾ? ಹಾಕಬಹುದು, ಹನಿ ಲೆಕ್ಕದಲ್ಲಿ. ಸ್ವೀಡನ್‌ನ ಇಬ್ಬರು ರಸಾಯನ ವಿಜ್ಞಾನಿಗಳು, ಬ್ಯೋರ್ನ್ ಕಾರ್ಲ್ಸನ್ ಮತ್ತು ರಾನ್ ಫ್ರೀಡ್‌ಮನ್, 2017ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಎಂಬ ಕಣಗಳು ಆಲ್ಕೋಹಾಲ್ ಶೇ. 45ರವರೆಗೆ ಇರುವಾಗ ಮೇಲ್ಮೈಯ ಹತ್ತಿರ ಇರುತ್ತವೆ. ಶೇ. 59ಕ್ಕಿಂತ ಮೇಲಾದರೆ ಆಲ್ಕೋಹಾಲು ಅವನ್ನು ಸುತ್ತುವರಿದು ಒಳಗೇ ಹಿಡಿದಿಡುತ್ತದೆ. ಅಂದರೆ ಶೇ. 60ರ ವಿಸ್ಕಿಗೆ ನೀರು ನಿಜಕ್ಕೂ ಬಾಗಿಲು ತೆರೆಯುತ್ತದೆ. ಗ್ಲೆನ್‌ಫಾರ್ಕ್ಲಾಸ್ 25 ಬರುವುದೇ ಶೇ. 43ಕ್ಕೆ. ಅದಕ್ಕೆ ಎರಡು ಹನಿ ಸಾಕು, ಅದೂ ಅರ್ಧ ಮುಗಿದ ಮೇಲೆ. ಹಳೆಯ ವಿಸ್ಕಿ ನಾಜೂಕು. ಒಂದು ಚಮಚ ಜಾಸ್ತಿಯಾದರೆ ಅದರ ಮೈಯೇ ಕರಗಿಹೋಗುತ್ತದೆ.

ಏನನ್ನು ಹುಡುಕಬೇಕು

ಜನ ಹಳೆಯ ವಿಸ್ಕಿಯಲ್ಲಿ ಮರದ ರುಚಿ ಹುಡುಕುತ್ತಾರೆ. ನಾನು ಹುಡುಕುವುದು ಬಾರ್ಲಿಯನ್ನು. ಇಪ್ಪತ್ತೈದು ವರ್ಷ ಮರದ ಜೊತೆ ಇದ್ದೂ ಮೂಲದ ಕಾಳು, ಹಣ್ಣು, ಜೇನಿನ ಸಿಹಿ ಇನ್ನೂ ಅಡಿಯಲ್ಲಿ ಉಸಿರಾಡುತ್ತಿದೆಯಾ? ಇದ್ದರೆ ಆ ಪೀಪಾಯಿಯನ್ನು ನೋಡಿಕೊಂಡವರು ಸರಿಯಾದ ದಿನ ತೆಗೆದಿದ್ದಾರೆ. ಬಾಯಿಗೆ ಬರೀ ಒಗರು, ಕಹಿ, ಗರಗಸದ ಹೊಟ್ಟಿನ ವಾಸನೆ ಬಂದರೆ, ನಲವತ್ತು ವರ್ಷ ಅಂತ ಬರೆದಿದ್ದರೂ ಅದನ್ನು ಮರ ತಿಂದುಹಾಕಿದೆ. ಬೆಲೆಗೆ ಹೆದರಿ 'ಚೆನ್ನಾಗಿದೆ' ಅನ್ನಬೇಕಿಲ್ಲ. ತುಂಬಾ ದೀರ್ಘ ಕಾಲ ಇಡುವವರು ಎಷ್ಟೋ ಸಲ ಹಿಂದೆ ಒಂದೆರಡು ಸಲ ಬಳಸಿದ ಪೀಪಾಯಿಯನ್ನೇ ಆರಿಸುವುದು ಈ ಭಯಕ್ಕೆ.

ಇದನ್ನು ಕಲಿಯಲು ಸುಲಭದ ದಾರಿ, ಒಂದೇ ಬಟ್ಟಿಮನೆಯ ಎಳೆಯದನ್ನೂ ಹಳೆಯದನ್ನೂ ಪಕ್ಕಪಕ್ಕ ಇಡುವುದು. ಆಮೇಲೊಮ್ಮೆ ನಾವು ಗ್ಲೆನ್‌ಫಾರ್ಕ್ಲಾಸ್ 15 ಮತ್ತು 25 ಜೊತೆಗೆ ಇಟ್ಟು ನೋಡಿದೆವು. 15 ಶೇ. 46ರದ್ದು. ಅದು ದಷ್ಟಪುಷ್ಟ, ಒಣದ್ರಾಕ್ಷಿ, ಬೆಲ್ಲದ ಪಾಕ ಎಲ್ಲ ಎದ್ದು ಕಾಣುತ್ತದೆ. 25ರಲ್ಲಿ ಅದೇ ದ್ರಾಕ್ಷಿ ಇದೆ, ಆದರೆ ಒಣಗಿ, ಕಾಯಿಬೀಜದ ಎಣ್ಣೆ ಸೇರಿ, ಕೊನೆಯಲ್ಲಿ ಹಳೆ ಪುಸ್ತಕದ ಕಪಾಟಿನಂಥ ವಾಸನೆಯಾಗಿ ಮುಗಿಯುತ್ತದೆ. ಆ ದಿನ ನನ್ನ ಗೆಳೆಯನಿಗೆ 15 ಜಾಸ್ತಿ ಇಷ್ಟವಾಯಿತು. ಅದೂ ಸರಿಯೇ.

ವಾಸನೆಗೆ ಹೆಸರಿಡುವಾಗ ಪುಸ್ತಕದ ಪದಗಳನ್ನು ಹುಡುಕಬೇಡಿ. ಅಲ್ಲಿನವರು ಕ್ರಿಸ್‌ಮಸ್ ಕೇಕ್, ಹೆದರ್ ಹೂವು ಅಂತ ಬರೆಯುವುದು ಅವರು ಬೆಳೆದ ಮನೆಯ ನೆನಪಿನಿಂದ. ನಮ್ಮ ಮೂಗಿಗೆ ನಮ್ಮ ಮನೆಯೇ ನಿಘಂಟು. ಪೀಟ್ ಎಂಬ ಜೌಗುಮಣ್ಣನ್ನು ಉರಿಸಿದ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ ವಿಸ್ಕಿ ಬಚ್ಚಲೊಲೆಯ ಹೊಗೆಯನ್ನು ನೆನಪಿಸಿದರೆ ಅದು ತಪ್ಪಲ್ಲ, ಸೌದೆ ಹೊಗೆಯಲ್ಲಿರುವುದೂ ಗ್ವಾಯಕಾಲೇ. ಶೆರಿ ಪೀಪಾಯಿಯ ವಿಸ್ಕಿಯಲ್ಲಿ ಮೆಂತ್ಯದ ಛಾಯೆ ಕಂಡರೆ ಹಿಂಜರಿಯಬೇಡಿ. ಮೆಂತ್ಯಕ್ಕೆ ಅದರ ಪರಿಮಳ ಕೊಡುವ ಸೊಟೊಲಾನ್ ಎಂಬ ವಸ್ತು ಹಳೆಯ ಶೆರಿ ವೈನಿನಲ್ಲೂ ಇದೆ. ಜೋನಿಬೆಲ್ಲ, ಒಣಕೊಬ್ಬರಿ, ಹುಣಸೆಹಣ್ಣು, ಶ್ರೀಗಂಧದ ಪೆಟ್ಟಿಗೆ, ಯಾವುದು ಹೊಳೆಯುತ್ತದೋ ಅದನ್ನೇ ಬರೆದಿಡಿ.

ಇಡೀ ಬಾಟಲಿ ಕೊಳ್ಳುವುದು ಎಲ್ಲರ ಕೈಗೂ ಎಟುಕುವುದಿಲ್ಲ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕ ಮೊದಲು ಶೇ. 75ಕ್ಕೆ, ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಯಬೇಕು. ರಾಜ್ಯದ ತೆರಿಗೆ ಬೇರೆ ಇದ್ದೇ ಇದೆ. ನಾಲ್ಕೈದು ಜನ ಸೇರಿ ಒಂದು ಬಾಟಲಿ ಹಂಚಿಕೊಳ್ಳಿ, ಇಲ್ಲವೇ ಒಳ್ಳೆಯ ಬಾರಿನಲ್ಲಿ ಒಂದೇ 30 ಎಂ.ಎಲ್. ಕೇಳಿ. ಅಷ್ಟು ಸಾಕು. ಎರಡನೇ ಪೆಗ್ಗಿನ ಹೊತ್ತಿಗೆ ಮೂಗು ದಣಿದಿರುತ್ತದೆ, ಮೂರನೆಯದರಲ್ಲಿ ನಮಗೆ ಏನೂ ಗೊತ್ತಾಗುವುದಿಲ್ಲ. ಕುಡಿಯದವರು ಇದಕ್ಕಾಗಿ ಶುರು ಮಾಡುವ ಅಗತ್ಯವೂ ಇಲ್ಲ. ಕುಡಿದ ಮೇಲೆ ಗಾಡಿ ಬೇಡ.

ಮುಗಿದ ಮೇಲೆ ಗ್ಲಾಸನ್ನು ತೊಳೆಯದೆ ಹಾಗೇ ಬಿಡಿ. ಆಲ್ಕೋಹಾಲು ರಾತ್ರಿಯೆಲ್ಲ ಆರಿಹೋಗುತ್ತದೆ. ತಳದಲ್ಲಿ ಉಳಿಯುವುದು ಆರಲು ಒಲ್ಲದ ಭಾರದ ಕಣಗಳು ಮಾತ್ರ. ಆ ಎರಡನೇ ಸಂಜೆಯ ಮರುದಿನ ಬೆಳಿಗ್ಗೆ, ಕಾಫಿಗೆ ಮುಂಚೆ, ಗೆಳೆಯನ ಮನೆಯ ಟೇಬಲ್ ಮೇಲಿದ್ದ ಖಾಲಿ ಗ್ಲಾಸನ್ನು ಮೂಸಿದೆ. ದ್ರಾಕ್ಷಿ, ಕಿತ್ತಳೆ ಎಲ್ಲ ಹೋಗಿದ್ದವು. ಜೇನುಮೇಣದ ಸಣ್ಣ ಸಿಹಿ, ಬೂದಿ ಮುಚ್ಚಿದ ಒಲೆ, ಮತ್ತೆ ಅಡಿಯಲ್ಲಿ ತೆಳ್ಳಗೆ, ಹುರಿದ ಬಾರ್ಲಿ.